ನಂಬರ್ ಹಚ್ಚಿದ ಸೀಸೆಗಳು

ತಾಳಮಲೆ ಕಾಡಿನೊಳಗಿನ ಪೋಡಿನಲ್ಲಿ, ಅಂದರೆ ಕಾಡಿನ ಜನರ ಹಟ್ಟಿಯಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿದ್ದು ಹತ್ತನೇ ಕ್ಲಾಸು ಪಾಸು ಮಾಡಿದ ಕೇತಮ್ಮನ ವಿಚಾರ ಹೇಳ್ತೀನಿ. ಒಂಬತ್ತು ವರ್ಷದಿಂದ ಅವಳು ತಾಳವಾಡಿಯಲ್ಲಿ, ಜೇನು ಕೀಳುವವರ ಸಂಘದ ಲ್ಯಾಬಿನಲ್ಲಿದ್ದಾಳೆ. ಲ್ಯಾಬು ಅಂದರೆ ದೊಡ್ಡದೇನಲ್ಲ, ಒಂದು ಕೋಣೆ, ಒಂದು ಕಿಟಕಿ. ಗಾಜಿನ ಮೇಲೆ ಒಂದು ತೊಟ್ಟು ಜೇನು ಹಾಕಿ, ಬೆಳಕಿಗೆ ಹಿಡಿದು, ಕೊಳವೆಯಲ್ಲಿ ಒಂದು ಕಣ್ಣಿಟ್ಟು ನೋಡಿ, ನೀರಿನಂಶ ಎಷ್ಟು ಅಂತ ಬರೆಯೋದು ಅವಳ ಕೆಲಸ. ನೂರಕ್ಕೆ ಇಪ್ಪತ್ತೆರಡು ದಾಟಿದರೆ ಸಂಘ ಆ ಜೇನನ್ನು ಮುಟ್ಟೋದಿಲ್ಲ.

ಈ ವರ್ಷ ಕೊಳ್ಳುವವರು ಹೊಸ ಮಾತು ತೆಗೆದರು. ಲ್ಯಾಬಿಗೆ ಮಾನ್ಯತೆ ಇದ್ದರೆ ಮಾತ್ರ ಅದರ ರಿಪೋರ್ಟು ಒಪ್ತೀವಿ, ಇಲ್ಲದಿದ್ದರೆ ಕೊಯಮತ್ತೂರಿಗೆ ಕಳಿಸಿ ಅಂದರು. ಹಾಗಾದರೆ ಕೋಣೆಗೆ ಬೀಗ, ಕೇತಮ್ಮ ಮನೆಗೆ. ಅರ್ಜಿಯ ಕಾಗದಪತ್ರ ಸರಿಮಾಡಲು ಸಂಘದವರು ಉಮಾಶಂಕರ್ ಅನ್ನುವವರನ್ನು ಕರೆಸಿದರು. ತಾಳವಾಡಿಯ ಬೇಸಾಯದ ಮನೆಯವರೇ, ಯಾವುದೋ ಫ್ಯಾಕ್ಟರಿಯಲ್ಲಿ ಇಂಥದೇ ಕೆಲಸ ಮಾಡಿ ಬಂದವರು. ತಕ್ಕಡಿಗೆ ಚೀಟಿ ಅಂಟಿತು, ಕೈ ತೊಳೆದದ್ದಕ್ಕೂ ಒಂದು ರಿಜಿಸ್ಟರ್ ಬಂತು. ಕೇತಮ್ಮ ಎಲ್ಲಕ್ಕೂ ಹೂಂ ಅಂದಳು.

ಆಮೇಲೆ ಬಂತು ಒಂದು ಫಾರಂ: ಜೇನು ತರುವವರಲ್ಲಿ ನಿನ್ನ ನೆಂಟರು ಯಾರು ಯಾರು? ಅವರ ಜೇನನ್ನು ನೀನು ನೋಡುವ ಹಾಗಿಲ್ಲ. ಬೆಳಿಗ್ಗೆ ಕೂತವಳು ಮಧ್ಯಾಹ್ನದವರೆಗೂ ಬರೆದಳು.

"ಇದೇನವ್ವ, ಓಟರ್ ಲಿಸ್ಟಾ?" ಅಂದರು ಉಮಾಶಂಕರ್.

"ಎಲ್ಲಾ ನೆಂಟ್ರೇ ಸಾರ್. ನಮ್ಮಲ್ಲಿ ಒಂದೇ ಕುಲ ಆದ್ರೆ ಅಣ್ತಮ್ಮಂದ್ರು, ಬ್ಯಾರೆ ಕುಲ ಆದ್ರೆ ಬಾವ-ಮೈದ. ಇನ್ನೊಂದ್ ಇಲ್ಲ."

"ಅಯ್ಯೋ, ಗಂಡ, ಅಣ್ಣ ಅಂತ ಇಬ್ರುನ್ನ ಬರುದ್ರೆ ಸಾಕು."

"ಮಾವ ಅಂತ ಕೂಗೋರ್ನ ನೆಂಟ್ರಲ್ಲ ಅಂತ ಬರ್ದು, ಪೋಡಿಗೆ ಯಾವ್ ಮಕ ಒತ್ಕೊಂಡ್ ಓಗ್ಲಿ?"

ಅವರು ತಲೆ ಕೆರೆದುಕೊಂಡು ಒಂದು ದಾರಿ ಹುಡುಕಿದರು. ಆಫೀಸಿನ ನಾಗಮಣಿ ಸೀಸೆಗಳ ಮೇಲಿನ ಹೆಸರು ಕಿತ್ತು ನಂಬರ್ ಹಚ್ಚಬೇಕು. ಕೇತಮ್ಮ ಬರೀ ನಂಬರ್ ನೋಡಿ ಪರೀಕ್ಷೆ ಮಾಡಬೇಕು. ಹಾಳೆಯ ಕೆಳಗೆ 'ಈ ಜೇನು ಯಾರದೆಂದು ನನಗೆ ತಿಳಿದಿಲ್ಲ' ಅಂತ ಅಚ್ಚಾಗಿರುವ ಸಾಲಿಗೆ ಸೈನು ಹಾಕಬೇಕು. ಅಂಥ ಹತ್ತು ಹಾಳೆ ಅರ್ಜಿಯ ಜೊತೆ ಹೋಗಬೇಕು.

ಮೊದಲೆರಡು ಸೀಸೆ ಯಾರದೋ ಏನೋ, ಗುರುತು ಹತ್ತಲಿಲ್ಲ. ಮೂರನೆಯದರ ಮುಚ್ಚಳ ತೆಗೆದಳೋ ಇಲ್ಲವೋ, ಕೈ ನಿಂತಿತು. ಹೆಜ್ಜೇನು ಕೀಳುವಾಗ ಒಬ್ಬೊಬ್ಬರು ಒಂದೊಂದು ಸೊಪ್ಪಿನ ಹೊಗೆ ಹಾಕ್ತಾರೆ. ಆ ಹೊಗೆ ಜೇನಿನೊಳಗೇ ಕೂತಿರುತ್ತೆ. ಸೀಗೆ ಸೊಪ್ಪು ಸೇರಿಸಿ ಹೊಗೆ ಹಾಕುವವನು ಆ ಕಾಡಿಗೆಲ್ಲ ಒಬ್ಬನೇ, ಸಣ್ಣ ಅನ್ನುವ ಅವಳ ಅಣ್ಣ.

ಕೊಳವೆಗೆ ಕಣ್ಣಿಟ್ಟಳು. ಇಪ್ಪತ್ತೈದು. ಗಾಜು ಒರೆಸಿ ಮತ್ತೆ ನೋಡಿದಳು. ಇಪ್ಪತ್ತೈದೇ. ಮಳೆ ಹಿಡಿದೀತು ಅಂತ ಗೂಡು ಮಾಗುವ ಮೊದಲೇ ಕಿತ್ತಿದ್ದಾನೆ. ಕಿಟಕಿಯಾಚೆ ಜಗುಲಿಯ ಮೇಲೆ ಅವನೇ ಕೂತು ಬೀಡಿ ಸೇದುತ್ತಿದ್ದ.

"ಸಾರ್, ಇದು ಯಾರ್ದು ಅಂತ ಗೊತ್ತಾಗೋಯ್ತು."

ಉಮಾಶಂಕರ್ ನಾಗಮಣಿಯ ಕಡೆ ತಿರುಗಿದರು. "ನಾನೇಳಿಲ್ಲಪ್ಪ!" ಅಂದಳು ಅವಳು.

"ವಾಸ್ನೆಲೇ ತಿಳೀತು ಸಾರ್."

"ವಾಸ್ನೆ ಯಾವ ಫೈಲಲ್ಲೂ ಇಲ್ಲ ಕಣವ್ವ. ಇಪ್ಪತ್ತೈದು ಅಂತ ನಿಜಾನೇ ಬರೀತಿದ್ದೀಯಲ್ಲ, ಸೈನ್ ಆಕು. ಯಾರ್ ಬಂದು ನಿನ್ ಮೂಗ್ನ ಕೇಳ್ತಾರೆ?"

ಹಾಕಿದರೆ ಸುಳ್ಳಿಗೆ ಸೈನು. ಹಾಕದಿದ್ದರೆ ಅರ್ಜಿ ಹೋಗದು. ಬೇರೆಯವರ ಕೈಗೆ ಕೊಡೋಣ ಅಂದರೆ, ಹಿಂದೆ ಇದೇ ಕೆಲಸಕ್ಕೆ ಸತ್ಯಮಂಗಲದಿಂದ ಬಂದಿದ್ದ ಮುರುಗನ್ ಎರಡೇ ವಾರಕ್ಕೆ ವಾಪಸ್ ಬಸ್ಸು ಹತ್ತಿದ್ದ. ಕೇತಮ್ಮ ಅಚ್ಚಾದ ಸಾಲಿನ ಮೇಲೆ ಗೀಟು ಎಳೆದಳು. ಕೆಳಗೆ ಬರೆದಳು: 'ನಮ್ಮಣ್ಣ ಸಣ್ಣನ ಜೇನು. ನೀರು ಇಪ್ಪತ್ತೈದು. ಆಗೋದಿಲ್ಲ.' ಅದನ್ನು ಗಟ್ಟಿಯಾಗಿ ಓದಿ ಸೈನು ಹಾಕಿದಳು.

ಜಗುಲಿಯಿಂದ ಅಣ್ಣ ಎದ್ದು ಕಿಟಕಿಗೆ ಮುಖ ತಂದ. "ಬ್ಯಾರೆಯೋರ್ ನೋಡಿದ್ರೆ ಪಾಸಾಗಿರೋದು ಕಣಮ್ಮಿ. ಒಡುಟ್ಟಿದೋಳು ನೋಡ್ದೆ, ಓಯ್ತು."

"ಯಾರ್ ನೋಡಿದ್ರೂ ಇಪ್ಪತ್ತೈದೇ ಕಣಣ್ಣ."

"ಅಂಗಾದ್ರೆ ನನ್ ಎಸ್ರು ಯಾಕ್ ಬರ್ದೆ?"

ಕೇತಮ್ಮ ಗಾಜು ಒರೆಸತೊಡಗಿದಳು. ಅವನು ತನ್ನ ಜೇನಿನ ಡಬ್ಬ ಹೊತ್ತುಕೊಂಡು ತಿರುಗಿ ನೋಡದೆ ಹೋದ.

ಉಮಾಶಂಕರ್ ಅರ್ಜಿಯನ್ನು ಬೀರುವಿನೊಳಗೆ ಇಟ್ಟರು. "ಪರೀಕ್ಷೆ ಮಾಡಾಕೆ ಇನ್ನೊಬ್ರು ಸಿಗೋಗಂಟ ಇದು ಇಲ್ಲೇ ಇರ್ಲಿ. ನೀನ್ ಮಾತ್ರ ರಜಾ ಆಕ್ಬ್ಯಾಡ. ಕೋಣೆ ಮುಚ್ಚುದ್ರೆ ಎಲ್ಲಾ ಮುಗ್ದೋಯ್ತು."

"ಎಷ್ಟ್ ದಿನ ಸಾರ್?"

ಅವರು ಬೀರುವಿಗೆ ಬೀಗ ಹಾಕಿದರು. ನಾಗಮಣಿ ನಾಲ್ಕನೇ ನಂಬರಿನ ಸೀಸೆ ತಂದು ಮೇಜಿನ ಮೇಲಿಟ್ಟಳು. ಕೇತಮ್ಮ ಸೆರಗಿನಿಂದ ಮೂಗು ಬಿಗಿಯಾಗಿ ಮುಚ್ಚಿಕೊಂಡು ಮುಚ್ಚಳ ತಿರುವಿದಳು.