ಬೆಟ್ಟದ ಬುದ್ಧನಿಗೆ ಅತ್ತೆ ಒಯ್ದ ಶಾಲು

ರೇಷ್ಮೆಗೂಡು ಮಾರಿ, ಹುಳುಮನೆ ತೊಳೆದು ಸುಣ್ಣ ಬಳಿದ ಮಾರನೆಯ ಬೆಳಿಗ್ಗೆ ನಾನೂ ನನ್ನ ಅತ್ತೆ ಅಕ್ಕಯ್ಯಮ್ಮನೂ ಜಂಗಮಕೋಟೆಯಿಂದ ಹೊರಟೆವು. ಮುಂದಿನ ಮರಿಹುಳುಗಳು ಬರುವವರೆಗೆ ಸ್ವಲ್ಪ ಬಿಡುವಿತ್ತು. ಚಿಂತಾಮಣಿಯ ಆಚೆ ಒಂದು ಬೆಟ್ಟದ ಮೇಲೆ ಬುದ್ಧನ ಪುಟ್ಟ ಗುಡಿಯಿದೆ ಎಂದು ನನ್ನ ಕಚೇರಿಯಲ್ಲಿ ಯಾರೋ ಹೇಳಿದ್ದರು. ನಾನೊಬ್ಬಳೇ ಹೋಗುವುದೆಂದಿತ್ತು. ಹಿಂದಿನ ಸಂಜೆ ಅತ್ತೆ, "ನಾನೂ ಬರ್ತೀನಿ ಕಣಮ್ಮ" ಎಂದಾಗ ಆಶ್ಚರ್ಯವಾಯಿತು. ನೆಂಟರ ಮದುವೆ ಬಿಟ್ಟರೆ ಅವರು ಊರು ದಾಟಿದ್ದನ್ನು ನಾನು ಕಂಡಿರಲಿಲ್ಲ.

ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿದೆವು. ಹೆಂಗಸರಿಗೆ ಪುಕ್ಕಟೆ ಪ್ರಯಾಣ, ಆಧಾರ್ ತೋರಿಸಿದರಾಯಿತು. ಚಿಂತಾಮಣಿಯಲ್ಲಿ ಇಡ್ಲಿ, ಕಡಲೆಕಾಯಿ ಚಟ್ನಿ ತಿಂದು ಬೆಟ್ಟದ ಬುಡದವರೆಗೆ ಆಟೋ ಹಿಡಿದೆವು. ಹಿಂದಿನ ದಿನ ಮಳೆ ಬಿದ್ದು ಗಾಳಿ ತಂಪಾಗಿತ್ತು. ಬಂಡೆಗಳ ನಡುವಿನ ದಾರಿಯಲ್ಲಿ ಅತ್ತೆ ಮಂಡಿ ಹಿಡಿದುಕೊಂಡು ನಿಧಾನವಾಗಿ ಹತ್ತಿದರು. ಅರ್ಧದಲ್ಲಿ ನೀರು ಕುಡಿಯಲು ಕೂತಾಗ ಚೀಲದಿಂದ ಒಂದು ಶಾಲು ತೆಗೆದರು. ನಮ್ಮದೇ ಗೂಡಿನ ರೇಷ್ಮೆಯಲ್ಲಿ ನೇಯಿಸಿದ್ದು, ಜೇನಿನ ಬಣ್ಣ.

"ದೇವರಿಗೆ ಹೊದಿಸಣ ಅಂತ ತಂದೆ" ಎಂದರು.

ಹೇಳಲೋ ಬೇಡವೋ ಎಂದು ಯೋಚಿಸಿ ಹೇಳಿಯೇಬಿಟ್ಟೆ. "ಅತ್ತೆ, ಜೀವ ತೆಗೀಬಾರದು ಅಂದೋನು ಬುದ್ಧ. ಅಲ್ಲಿ ರೇಷ್ಮೆ ತಗೋತಾರೋ ಇಲ್ವೋ."

ಅವರು ಶಾಲನ್ನು ಮಡಚಿದರು. "ಗೊತ್ತು ಕಣಮ್ಮ. ಅದಕ್ಕೇ ತಂದಿದ್ದು."

ಮೇಲೆ ಬಿಳಿ ಗೋಡೆಯ ಒಂದೇ ಕೋಣೆ, ಒಳಗೆ ಕಣ್ಣು ಅರೆಮುಚ್ಚಿದ ಬುದ್ಧ. ಚಪ್ಪಲಿ ಹೊರಗೆ ಬಿಟ್ಟು, ಫೋನು ಚೀಲಕ್ಕೆ ಹಾಕಿದೆ. ಕಲಬುರಗಿ ಕಡೆಯ ವಯಸ್ಸಾದ ಭಿಕ್ಕು ಒಬ್ಬರು ಚಾಪೆ ಹಾಸಿ, "ಬರ್ರಿ, ಕೂಡ್ರಿ" ಎಂದರು. ಅತ್ತೆ ಕೂರಲಿಲ್ಲ. ಶಾಲನ್ನು ಎರಡೂ ಕೈಯಲ್ಲಿ ಹಿಡಿದೇ ಕೇಳಿದರು.

"ಸ್ವಾಮಿ, ಮದುವೆಯಾದಾಗಿಂದ ಹುಳ ಸಾಕಿದೀನಿ. ನನ್ನ ಮಕ್ಕಳಿಗಿಂತ ಮುಂಚೆ ಅವಕ್ಕೆ ಸೊಪ್ಪು ಹಾಕಿದೀನಿ. ಗೂಡು ಕಟ್ಟಿದ ಮೇಲೆ ನೂಲು ತೆಗೆಯೋ ಬಿಸಿನೀರಿಗೆ ಕಳಿಸ್ತೀನಿ. ಇದು ತಪ್ಪಾ?"

ಭಿಕ್ಕು ಅವರ ಕೈಯಲ್ಲಿದ್ದ ಶಾಲನ್ನು ನೋಡಿದರು. ಆ ಹುಳುಮನೆಯೇ ನಮ್ಮ ಮನೆಯನ್ನು ನಡೆಸಿದ್ದು.

"ಜೀವ ಹೋಗ್ತದವ್ವಾ" ಎಂದರು ಅವರು. "ಹೋಗಲ್ಲ ಅಂತ ನಾ ಹ್ಯಾಂಗ ಹೇಳಲಿ?"

ಅತ್ತೆಗೆ ನೋವಾಯಿತೆಂದುಕೊಂಡೆ. ಆದರೆ ಅವರ ಮುಖ ಸಡಿಲವಾಯಿತು. "ಯಾರನ್ನ ಕೇಳಿದ್ರೂ ಏನೂ ಆಗಲ್ಲ ಬಿಡು ಅಂತಿದ್ರು ಸ್ವಾಮಿ. ನೀವೊಬ್ರೇ ಹೌದು ಅಂದಿದ್ದು."

ಅವರು ಶಾಲು ಮುಂದೆ ಚಾಚಿದಾಗ ಭಿಕ್ಕು ಕೇಳಿದರು, "ನೀವು ರೇಷ್ಮೆ ಹೊದ್ದೀರೇನು?"

"ನಾವೆಲ್ಲಿ ಹೊದೀತೀವಿ."

"ಹಂಗಾದ್ರ ಇದನ್ನ ನೀವೇ ಹೊದ್ಕೋರಿ. ಆ ಹುಳಗಳನ್ನ ನೆನಸ್ಕೊಂಡು ಸ್ವಲ್ಪೊತ್ತು ಕೂಡ್ರಿ."

ಅತ್ತೆ ಹೊದ್ದು ಕೂತರು. ಕಣ್ಣಲ್ಲಿ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಕಿಟಕಿಯಿಂದ ಗಾಳಿ ಬರುತ್ತಿತ್ತು, ಕೆಳಗೆ ಎಲ್ಲೋ ಟ್ರ್ಯಾಕ್ಟರಿನ ಸದ್ದು. ನಾನೂ ಪಕ್ಕದಲ್ಲಿ ಕೂತೆ. ಬಹಳ ಹೊತ್ತಾದ ಮೇಲೆ ಭಿಕ್ಕು ಅನ್ನ, ಬೇಳೆಸಾರು ಬಡಿಸಿದರು. ಅತ್ತೆ ಎರಡು ಸಲ ಹಾಕಿಸಿಕೊಂಡರು.

ಇಳಿಯುವಾಗ ಅವರ ಮಂಡಿ ನೋವು ಕಮ್ಮಿಯೇನೂ ಆಗಿರಲಿಲ್ಲ. ನನ್ನ ಭುಜ ಹಿಡಿದು ಇಳಿದರು. ಶಿಡ್ಲಘಟ್ಟದ ಬಸ್ಸಿನಲ್ಲಿ ಪಕ್ಕದ ಹೆಂಗಸು, ಯಾವ ದೇವಸ್ಥಾನ, ಏನು ಬೇಡಿಕೊಂಡಿರಿ ಎಂದು ತೆಲುಗಿನಲ್ಲಿ ವಿಚಾರಿಸಿದರು.

ಅತ್ತೆ ಕಿಟಕಿಯಾಚೆ ದೂರವಾಗುತ್ತಿದ್ದ ಬೆಟ್ಟವನ್ನು ನೋಡುತ್ತ ಹೇಳಿದರು: "ಏನೂ ಬೇಡ್ಕೊಳ್ಳಲಿಲ್ಲಮ್ಮ. ಸುಮ್ನೆ ಕೂತಿದ್ವಿ."