ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಬಾಯಾರು

ಬಾಯಾರ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ಸೀಳಿದ ತುದಿಗಳು ಬೇರೆಬೇರೆಯಾಗಿಯೇ ಮಾಯ್ದು, ಹುಣಸೆಬೀಜದಂತೆ ದುಂಡಗಾಗಿ ನೇತಾಡುತ್ತಿದ್ದವು. ಬಲಗಿವಿಗೆ ಮಾತ್ರ ಬೆಂಡೋಲೆ. ಎಡಗಿವಿಯ ಮೇಲೆ ಅವರು ಸೆರಗು ಎಳೆದುಕೊಂಡದ್ದನ್ನು ನಾನೆಂದೂ ಕಾಣಲಿಲ್ಲ. ಸಣ್ಣವಳಿದ್ದಾಗ ಒಮ್ಮೆ ಅದನ್ನೇ ದಿಟ್ಟಿಸುತ್ತ ನಿಂತುಬಿಟ್ಟಿದ್ದೆ.

“ನೋಡೂದು ಆತಿಲ್ಲೋ? ಈಗ ಕೇಳು,” ಎಂದರು. ಕೇಳುವಷ್ಟು ಧೈರ್ಯ ನನಗಿರಲಿಲ್ಲ. ಅವರೇ ಹೇಳಿದರು: “ನಾಟಕ ಕಂಪನ್ಯಾಗ ಇದ್ದೆ. ಖಳನ ಪಾರ್ಟಿನಾಂವ ಕೂದಲಾ ಹಿಡಿಯಾಕ ಬಂದು ಬೆಂಡೋಲಿಗೆ ಕೈ ಹಾಕಿದ. ರಕ್ತ ಸೋರಿಕೋತನ ಹಾಡು ಮುಗಿಸಿದೆ. ಒಳಗ ಬಂದ್ರ ಮಾಲಕ ಓಡಿ ಬಂದ. ಬೆಂಡೋಲಿ ಎಲ್ಲಿ ಬಿತ್ತು ಅಂತ ಕೇಳಿದ. ಕಿವಿ ಸುದ್ದಿ ಯಾರೂ ಎತ್ತಲಿಲ್ಲ.”

ಆ ಕಂಪನಿ ಬಿಟ್ಟು, ಬಲಗಿವಿಯದೊಂದನ್ನು ಉಳಿಸಿಕೊಂಡು ಇದ್ದಬದ್ದ ಬಂಗಾರ ಮಾರಿ, ಅವರು ಇಳಕಲ್ಲಿನ ನೇಕಾರರ ಓಣಿಯ ತುದಿಯಲ್ಲಿದ್ದ ಹಳೆಯ ನೂಲಿನ ಗೋದಾಮೊಂದನ್ನು ಕೊಂಡರು. ತಗಡಿನ ಮಾಡು, ದಪ್ಪ ಕಲ್ಲಿನ ಗೋಡೆ, ಮುಂದೆ ಒಂದೇ ಬಾಗಿಲು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯವರು ಒಡೆದವೆಂದು ಬಿಸಾಕಿದ ಕೆಂಪು ಗ್ರಾನೈಟ್ ತುಂಡುಗಳನ್ನು ಜೋಡಿಸಿ ವೇದಿಕೆ ಕಟ್ಟಿಸಿದರು. ಹೆಸರಿನ ಬೋರ್ಡು ಬರೆಸಲಿಲ್ಲ. ಊರವರಿಗೆ ಅದು ಗೋದಾಮು, ಅವರು ಗೋದಾಮಿನ ಬಾಯಾರು.

ನಮ್ಮ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗಗಳು ನಿಲ್ಲುತ್ತವೆ. ಅವತ್ತು ಸಂಜೆ ಗೋದಾಮಿನಲ್ಲಿ ಗಾಯನ ಇರಲೇಬೇಕು. ಉಳಿದಂತೆ ಶನಿವಾರ, ಭಾನುವಾರ. ತತ್ವಪದ, ವಚನ, ರಂಗಗೀತೆ, ಶಹನಾಯಿ, ಬಾಗಲಕೋಟೆಯಿಂದ ಬರುವ ಹಿಂದೂಸ್ತಾನಿ ಹಾಡುಗಾರರು. ಹುನಗುಂದ, ಕಮತಗಿ, ಐಹೊಳೆಯ ಕಡೆಯಿಂದ ಜನ ಟಂಟಂ ರಿಕ್ಷಾ ತುಂಬಿಕೊಂಡು ಬರುತ್ತಿದ್ದರು.

ಬಾಯಾರು ಬಾಗಿಲ ಬಳಿ ಕಬ್ಬಿಣದ ಕುರ್ಚಿ ಹಾಕಿಕೊಂಡು ತಾವೇ ಟಿಕೆಟ್ ಹರಿಯುತ್ತಿದ್ದರು. ಪುಕ್ಕಟೆ ಎಂಬ ಮಾತು ಅವರ ಮುಂದೆ ನಡೆಯುತ್ತಿರಲಿಲ್ಲ. ಒಮ್ಮೆ ಒಬ್ಬ ಪುಢಾರಿ ಹಿಂಬಾಲಕರ ಸಮೇತ ಬಂದು ನಿಂತ.

“ಬಾಯಾರ, ನಾ ಈ ವಾರ್ಡಿನ ಮೆಂಬರ್ ಅದೇನ್ರಿ.”

“ಹೌದ್ರಿ, ಗೊತ್ತೈತ್ರಿ. ಅದಕ್ಕ ಮುಂದಿನ ಸಾಲಿನ ಟಿಕೇಟ ಕೊಡ್ತೇನಿ. ಅದರ ರೇಟ್ ಜಾಸ್ತಿರಿ.”

ಹಿಂದೆ ನಿಂತವರು ನಕ್ಕರು. ಅವನು ಮುಖ ಸಿಂಡರಿಸಿದ. ಬಾಯಾರು ದನಿ ಇಳಿಸಿ ಹೇಳಿದರು: “ಮನಿಗೆ ಬರ್ರಿ, ರೊಟ್ಟಿ ಬಡದು ಹಾಕ್ತೇನಿ, ಒಂದ ರೂಪಾಯಿ ಕೇಳೂದಿಲ್ಲ. ಇದು ಹಾಡೋರ ಹೊಟ್ಟೀರಿ. ಇದರ ಮ್ಯಾಲ ನನಗ ದಾನ ಮಾಡೂ ಹಕ್ಕಿಲ್ಲ.”

ಹಾಡುವವರು ವೇದಿಕೆ ಹತ್ತುವ ಮೊದಲೇ ಬಾಯಾರು ಅವರಿಗೆ ಸಂಭಾವನೆ ಕೊಟ್ಟುಬಿಡುತ್ತಿದ್ದರು. “ಹಾಡಿದ ಮ್ಯಾಲ ಕೊಟ್ರ ಕೈ ಚಾಚಿ ನಿಂದ್ರಬೇಕಾಗ್ತೈತಿ. ಕೈ ಚಾಚಿದಾವ ಮುಂದಿನ ಸಲ ಗಂಟಲಾ ಬಿಚ್ಚಿ ಹಾಡೂದಿಲ್ಲ,” ಎನ್ನುತ್ತಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಅವರ ಗೋದಾಮಿನೊಳಗೆ ಬರುವಂತಿರಲಿಲ್ಲ. ಬಾದಾಮಿಯಿಂದ ಬರುತ್ತಿದ್ದ ಒಬ್ಬ ತತ್ವಪದದ ಹಿರಿಯರು ಇದನ್ನು ಕೇಳಿ ಖುಷಿಪಟ್ಟಿದ್ದರು. “ಛಲೋ ಮಾಡಿದ್ರಿ ಬಾಯಾರ. ನಮ್ಮ ಮನ್ಯಾಗ ಶಾಲಿನ ಟ್ರಂಕಿನ್ಯಾಗ ಇಲಿ ಮರಿ ಹಾಕ್ಯಾವು. ಊರಾಗ ನನಗಿಂತ ಅವಕ್ಕ ಬೆಚ್ಚಗ ಸನ್ಮಾನ ಆಗೇತಿ.”

ನಮ್ಮ ಮನೆಗೂ ಗೋದಾಮಿಗೂ ಇದ್ದ ನಂಟು ಒಲೆಯದು. ಅಪ್ಪ ಕೂಲಿ ಮಗ್ಗ ನೇಯುತ್ತಿದ್ದ. ಅದರಲ್ಲಿ ಉಣ್ಣುವುದಾಗುತ್ತಿತ್ತು, ಅಷ್ಟೇ. ಅವ್ವ ಗೋದಾಮಿನ ಎದುರು ಗಾಡಿ ಹಚ್ಚಿ ಮಿರ್ಚಿ ಭಜಿ ಕರಿಯುತ್ತಿದ್ದಳು, ಚುರುಮುರಿಯ ಗಿರ್ಮಿಟ್ ಕಲಸುತ್ತಿದ್ದಳು. ಪಕ್ಕದಲ್ಲಿ ಚಹಾದವನು, ಪಾನಪಟ್ಟಿಯವನು, ಹೂವಿನವಳು, ತಬಲಾ ರಿಪೇರಿಯವನು. ಬಾಯಾರು ಮಧ್ಯಂತರವನ್ನು ಬೇಕೆಂದೇ ಉದ್ದ ಇಡುತ್ತಿದ್ದರು. ಒಳಗಿನ ಜನ ಗೊಣಗಿದರೆ ಬಾಗಿಲಿಂದಲೇ ಉತ್ತರ: “ಹಾಡೋರ ಗಂಟಲಾ ತಣ್ಣಗಾಗಬೇಕು, ಹೊರಗಿನವರ ಎಣ್ಣಿ ಕಾಯಬೇಕು. ನೀವೂ ಎದ್ದು ಹೊರಗ ಹೋಗಿ ಏನರೆ ತಿನ್ರಿ.” ಯಾರಿಂದಲೂ ಅವರು ಜಾಗದ ಬಾಡಿಗೆ ಕೇಳಿದವರಲ್ಲ.

ಆ ಉದ್ದ ಮಧ್ಯಂತರಗಳಲ್ಲಿ ಕರಿದ ಭಜಿಯಿಂದ ನಾನು ಹುನಗುಂದದಲ್ಲಿ ಪಿಯುಸಿ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಡಿಗ್ರಿ ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಓದಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ರಿಸಲ್ಟ್ ಬಂದ ದಿನ ಬಾಯಾರಿಗೆ ಪೇಡೆ ಕೊಡಲು ಹೋದೆ. ಪೇಡೆ ಬಾಯಿಗಿಟ್ಟುಕೊಂಡರು, ಬೆನ್ನು ತಟ್ಟಿದರು. ಒಳಗೆ ಹಾಡು ಶುರುವಾಗಿತ್ತು. ನಾನು ಹೊಸ್ತಿಲು ದಾಟಹೋದೆ. ಕೈ ಅಡ್ಡ ಇಟ್ಟರು.

“ಟಿಕೇಟ?”

“ಬಾಯಾರ, ನನಗಿನ್ನೂ ನೌಕರಿ ಎಲ್ಲೈತ್ರಿ?”

“ನಿಮ್ಮವ್ವ ಗಳಸ್ತಾಳಲ್ಲ, ಆಕಿ ಕಡೆ ಇಸಕೊಂಡ ಬಾ. ಡಿಗ್ರಿ ಆದಾಕಿ ನೀನ ಪುಕ್ಕಟೆ ಕುಂತ್ರ ಕಲೀದವರಿಗೆ ನಾ ಏನ್ ಹೇಳ್ಲಿ?”

ಅವ್ವ ಹಿಟ್ಟಿನ ಕೈ ಒರೆಸಿಕೊಂಡು ರೊಕ್ಕ ಕೊಟ್ಟಳು. ಅಂದು ಮೊದಲ ಸಲ ನಾನು ಗೋದಾಮಿನ ಕುರ್ಚಿಯ ಮೇಲೆ ಕುಳಿತು ಹಾಡು ಕೇಳಿದೆ. ಅಲ್ಲಿಯತನಕ ಗೋಡೆಯ ಈಚೆಯಿಂದ, ಎಣ್ಣೆಯ ಚುರ್ ಸದ್ದಿನ ಜೊತೆ ಕೇಳಿದ್ದಷ್ಟೇ.

ನಾನು ಎಂ.ಕಾಂ. ಮುಗಿಸಿ ವಿದ್ಯಾಗಿರಿಯ ಕಾಲೇಜಿನಲ್ಲೇ ಕಾಮರ್ಸ್ ಕಲಿಸಲು ಸೇರುವ ಹೊತ್ತಿಗೆ ಗೋದಾಮಿನ ಕುರ್ಚಿಗಳು ಖಾಲಿ ಉಳಿಯತೊಡಗಿದ್ದವು. ಬಯಲಿನಲ್ಲಿ ದೊಡ್ಡ ಪೆಂಡಾಲು ಹಾಕಿ ಸಿನಿಮಾ ಹಾಡುಗಾರರನ್ನು ಕರೆಸುವ ಉತ್ಸವಗಳು ಬಂದವು. ಯಾರದೋ ಹುಟ್ಟುಹಬ್ಬಕ್ಕೆ ಆರ್ಕೆಸ್ಟ್ರಾ, ಯಾರದೋ ಗೆಲುವಿಗೆ ಆರ್ಕೆಸ್ಟ್ರಾ. ಎಲ್ಲವೂ ಪುಕ್ಕಟೆ. ಸಾವಿರಾರು ಜನರ ಎದುರು ಊರಿನ ಹಾಡುಗಾರರಿಗೆ ಪ್ರಾರ್ಥನೆ ಗೀತೆಯ ಅವಕಾಶ, ಒಂದು ಶಾಲು. ಅದನ್ನು ಹೊದ್ದು ಅವರು ಬಸ್ಸಿಗೆ ನಿಲ್ಲುತ್ತಿದ್ದರು. ನಮ್ಮ ಜನಕ್ಕೆ ಸಂಗೀತ ಬೇಡ ಎನ್ನುವಂತಿಲ್ಲ. ಮದುವೆಯ ಡಿಜೆಗೆ ಹೊಲ ಅಡವಿಟ್ಟಾರು. ಎದುರಿಗೆ ಕುಳಿತು ಹಾಡುವ ಮನುಷ್ಯನಿಗೆ ಟಿಕೆಟ್ ತೆಗೆಯುವುದೆಂದರೆ ಮಾತ್ರ ಜೇಬಿಗೆ ಜ್ವರ ಬರುತ್ತದೆ.

ಆಮೇಲೆ ಎರಡನೇ ಬಾಗಿಲಿನ ನೋಟಿಸು ಬಂತು. ಜನ ಸೇರುವ ಜಾಗಕ್ಕೆ ಹೊರಹೋಗಲು ಇನ್ನೊಂದು ದಾರಿ ಇರಬೇಕು. ಇಲ್ಲವಾದರೆ ಪರವಾನಿಗೆ ಮುಂದುವರಿಯುವುದಿಲ್ಲ. ಕಾನೂನು ತಪ್ಪಲ್ಲ. ಆದರೆ ಗೋದಾಮಿನ ಹಿಂದಿನ ಜಾಗ ಒಬ್ಬ ಸೀರೆ ವ್ಯಾಪಾರಿಯದು. ಅಲ್ಲಿ ಬಾಗಿಲು ತೆಗೆಯಬೇಕೆಂದರೆ ಅವನಿಂದ ಒಂದು ಪಟ್ಟಿಯಷ್ಟು ಜಾಗ ಕೊಳ್ಳಬೇಕು. ಅವನು ಹೇಳಿದ ಬೆಲೆ ಕೇಳಿ ಬಾಯಾರು ಎದ್ದು ಬಂದರು.

ಆಗ ಊರಿನ ಅಭಿಮಾನಿಗಳೆಲ್ಲ ಕೂಡಿದರು. ಒಳ್ಳೆಯವರೇ: ಇಬ್ಬರು ಮಾಸ್ತರರು, ಒಬ್ಬ ವಕೀಲರು, ಔಷಧದಂಗಡಿಯವರು. ಬಾಗಿಲಿಗಾಗಿ ಹಣ ಕೂಡಿಸಲು ಗೋದಾಮಿನಲ್ಲೇ ಬಾಯಾರಿಗೆ ಸನ್ಮಾನ ಮಾಡುವುದೆಂದು ಠರಾವು ಮಾಡಿದರು. ಓಣಿಗೆ ಬ್ಯಾನರ್ ಕಟ್ಟಿದರು. ಬಾಯಾರ ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ ‘ಉಚಿತ ಪ್ರವೇಶ’ ಎಂದಿತ್ತು. ಆ ವಾರ ನಾನು ಊರಲ್ಲಿದ್ದೆ. ಬಾಯಾರು ವಕೀಲರನ್ನು ಬ್ಯಾನರಿನ ಕೆಳಗೇ ತಡೆದು ನಿಲ್ಲಿಸಿದರು.

“ರೊಕ್ಕ ಕೂಡಸಾಕ ಮಾಡೂ ಕಾರ್ಯಕ್ರಮಕ್ಕ ಪುಕ್ಕಟೆ ಬಿಡ್ತೀರಿ? ಟಿಕೇಟ ಹಚ್ರಿ ವಕೀಲರ.”

“ನಿಮ್ಮ ಸನ್ಮಾನಕ್ಕ ಟಿಕೇಟ ಹಚ್ಚಿದ್ರ ಊರಾಗ ನಮ್ಮ ಮರ್ಯಾದಿ ಉಳಿತೈತೇನ್ರಿ? ದೊಡ್ಡ ದೊಡ್ಡವರು ಬರ್ತಾರ, ಸ್ಟೇಜಿನ ಮ್ಯಾಲನ ದೇಣಗಿ ಹೇಳ್ತಾರ. ನೀವು ಸುಮ್ಮ ಕುಂಡರ್ರಿ.”

“ನಾ ಕುಂಡರೂದು ಬಾಗಲದಾಗ್ರಿ.”

“ಅವತ್ತೊಂದಿನ ಸ್ಟೇಜಿನ ಮ್ಯಾಲ ಕುಂಡರ್ರಿ ನಮ್ಮವ್ವ,” ಎಂದು ವಕೀಲರು ಕೈಮುಗಿದರು. ಆ ಕೈಮುಗಿಯುವುದರಲ್ಲಿ ಕಪಟ ಇರಲಿಲ್ಲ. ಅದಕ್ಕೇ ಬಾಯಾರು ಒಪ್ಪಿಕೊಂಡರು.

ಅವತ್ತು ಬಂದಷ್ಟು ಜನ ಗೋದಾಮಿಗೆ ಹಿಂದೆಂದೂ ಬಂದಿರಲಿಲ್ಲ. ಬಾಗಿಲ ಕುರ್ಚಿಯನ್ನು ಯಾರೋ ಎತ್ತಿ ಒಳಗಿಟ್ಟಿದ್ದರು. ವೇದಿಕೆಯ ತುಂಬ ಸೋಫಾ. ಹಾರ್ಮೋನಿಯಂ, ತಬಲಾದವರನ್ನು ಮೂಲೆಗೆ ಸರಿಸಿದರು. ಸ್ವಾಗತ, ಪ್ರಾಸ್ತಾವಿಕ, ಒಬ್ಬರಾದ ಮೇಲೆ ಒಬ್ಬರ ಭಾಷಣ. ಸಂಗೀತ ಉಳಿಸಬೇಕು, ಬೆಳೆಸಬೇಕು ಎಂದು ಎಲ್ಲರೂ ಹೇಳಿದರು. ಬಾದಾಮಿಯ ಹಿರಿಯರು ಒಂದು ಪದ ಎತ್ತಿಕೊಂಡರೆ, ವೇಳೆ ಆಗಿದೆ, ಚುಟುಕಾಗಿ ಮುಗಿಸಿ ಎಂದು ಚೀಟಿ ಬಂತು. ಬಾಯಾರಿಗೆ ಶಾಲು ಹೊದಿಸಿದರು. ಅದರ ಮೇಲೆ ಇನ್ನೊಂದು, ಮತ್ತೊಂದು. ಸೆಕೆಯಲ್ಲಿ ಬೆವರುತ್ತ ಅವರು ಬಾಗಿಲ ಕಡೆಯೇ ನೋಡುತ್ತಿದ್ದರು. ಅಲ್ಲಿ ನುಗ್ಗಾಟ ನಡೆದಿತ್ತು.

ಆ ನುಗ್ಗಾಟದಲ್ಲಿ ಒಬ್ಬ ಮುದುಕಿ ಪ್ರಜ್ಞೆ ತಪ್ಪಿದಳು. ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನವರು ದಾರಿ ಬಿಡುವುದಿಲ್ಲ. ಕೊನೆಗೆ ಅವಳನ್ನು ತಲೆಗಳ ಮೇಲಿಂದ ಕೈಯಿಂದ ಕೈಗೆ ದಾಟಿಸಿ ತಂದರು. ಅವ್ವ ನೀರು ಚಿಮುಕಿಸಿದಳು. ಮುದುಕಿ ಬದುಕಿದಳು. ವೇದಿಕೆಯ ಸೋಫಾದಲ್ಲಿ ಮುಖ್ಯ ಅತಿಥಿಯಾಗಿ ಕುಳಿತಿದ್ದವರು ಪರವಾನಿಗೆ ಕೊಡುವ ಅಧಿಕಾರಿಯೇ. ಅವರು ಎಲ್ಲವನ್ನೂ ನೋಡಿದರು.

ಮುಂದಿನ ವಾರ ಅವರೇ ಬಂದರು. ನಾನು ಅವ್ವನ ಗಾಡಿಯ ಬಳಿ ನಿಂತಿದ್ದೆ. “ಬಾಯಾರ, ಕಣ್ಣಾರೆ ನೋಡೇನ್ರಿ. ಇನ್ನ ಕಣ್ಣ ಮುಚ್ಚಿಕೊಂಡ್ರ ನಾಳೆ ಹೆಣಾ ಬೀಳ್ತಾವು. ಬಾಗಲಾ ಆಗೂತನಾ ಕಾರ್ಯಕ್ರಮ ಬಂದ್ ಮಾಡ್ರಿ,” ಎಂದರು.

“ಖರೇ ಐತ್ರಿ ಸಾಹೇಬ್ರ,” ಎಂದರು ಬಾಯಾರು. “ಟಿಕೇಟಿನ ದಿವಸ ಒಮ್ಮೆರೆ ಬಂದಿದ್ರ ನಿಮಗ ಖಾಲಿ ಖುರ್ಚಿ ಕಾಣಸ್ತಿದ್ದವು. ನೀವು ಬಂದಿದ್ದ ಪುಕ್ಕಟೆ ದಿನ.”

ಅಧಿಕಾರಿ ತಲೆ ತಗ್ಗಿಸಿದರು. ಆದೇಶ ಮಾತ್ರ ಬದಲಾಗಲಿಲ್ಲ. ವೇದಿಕೆಯ ಮೇಲೆ ಘೋಷಿಸಿದ ದೇಣಿಗೆಗಳು ಘೋಷಣೆಯಾಗಿಯೇ ಉಳಿದವು. ಅಭಿಮಾನಿಗಳು ಕೆಲವು ದಿನ ಓಡಾಡಿದರು, ಆಮೇಲೆ ಅವರವರ ಮನೆಯ ಕೆಲಸಕ್ಕೆ ತಿರುಗಿದರು. ಕೊನೆಗೆ ಬಾಯಾರು ಗೋದಾಮನ್ನು ಮಾರಿದರು. ಕೊಂಡವನು ಹಿಂದಿನ ಜಾಗದ ಸೀರೆ ವ್ಯಾಪಾರಿಯೇ. ಕೊಂಡವನು ಮೊಟ್ಟಮೊದಲು ಮಾಡಿಸಿದ ಕೆಲಸ ಎರಡನೇ ಬಾಗಿಲು.

ಓಣಿ ಒಂದೇ ದಿನಕ್ಕೆ ಸಾಯಲಿಲ್ಲ. ಮೊದಲು ಹೂವಿನವಳು ಬರುವುದು ನಿಂತಿತು. ಆಮೇಲೆ ಚಹಾದವನು ಬಸ್ ಸ್ಟ್ಯಾಂಡಿನ ಕಡೆ ಹೋದ, ಅಲ್ಲಿಯ ಚಹಾದವರು ಅವನನ್ನು ನಿಲ್ಲಗೊಡಲಿಲ್ಲ. ಗೋದಾಮಿನ ಕಾಯಂ ತಬಲಾದವರು ಪೆಟ್ರೋಲ್ ಬಂಕಿನಲ್ಲಿ ವಾಚ್‌ಮನ್ ಆದರು. ಅವ್ವ ಗಾಡಿಯನ್ನು ಗುಜರಿಗೆ ಹಾಕಿದಳು. ನನ್ನ ಪಗಾರ ಇತ್ತು, ನಮಗೆ ನಡೆಯಿತು.

ಬಾಯಾರು ಕಮತಗಿಗೆ, ತಂಗಿಯ ಮನೆಗೆ ಹೋದರು. ಕೊನೆಯ ಸಲ ನೋಡಲು ಹೋದಾಗ ಹೊರಸಿನ ಮೇಲೆ ಮಲಗಿದ್ದರು. ದನಿ ಇಂಗಿತ್ತು.

“ನಿಮ್ಮವ್ವ ಒಲಿ ಎಲ್ಲಿ ಹಚ್ತಾಳ ಈಗ?”

“ಎಲ್ಲೂ ಇಲ್ರಿ ಬಾಯಾರ. ಸಾಕು, ಮನ್ಯಾಗ ಕುಂಡ್ರು ಅಂದೇನಿ. ನನ್ನ ಪಗಾರ ಐತಲ್ರಿ.”

“ನಿನ್ನ ಪಗಾರ ನಿಮ್ಮವ್ವಗ ಆತು,” ಎಂದರು. “ಉಳದವರಿಗೆ ಯಾರ ಪಗಾರ?”

ನಾನು ಅವರ ಕಾಲು ಒತ್ತುತ್ತ ಕುಳಿತೆ.

ಅದೇ ವರ್ಷ ಅವರು ತೀರಿಕೊಂಡರು. ಇಳಕಲ್ಲಿನಲ್ಲಿ ಶ್ರದ್ಧಾಂಜಲಿ ಸಭೆ ಆಯಿತು. ಅವರ ಹೆಸರನ್ನು ಒಂದು ಸರ್ಕಲ್ಲಿಗೆ ಇಡಬೇಕೆಂದು ಠರಾವಾಯಿತು. ನನ್ನನ್ನೂ ಮಾತಾಡಲು ಕರೆದರು. ನಾನು ಹೋಗಲಿಲ್ಲ. ಹೋಗಿದ್ದರೆ ಸಭೆ ಕೆಡುತ್ತಿತ್ತು.

ಕೆಲವು ತಿಂಗಳಾದ ಮೇಲೆ ಗೋದಾಮಿನೊಳಗೆ ಹೋದೆ. ಈಗ ಅಲ್ಲಿ ಗಾಜಿನ ಕಪಾಟು, ಬಿಳಿ ಗಾದಿ, ಕಣ್ಣು ಕುಕ್ಕುವ ದೀಪ. ವೇದಿಕೆ ಇದ್ದ ಕಡೆ ಒಬ್ಬ ಹುಡುಗಿ ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುತ್ತಿದ್ದಳು. ಗೋದಾಮಿನ ತಬಲಾದವರ ಮಗಳು. ನಮ್ಮ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿದ್ದವಳು, ನನ್ನದೇ ಕ್ಲಾಸಿನವಳು, ನಡುವೆ ಬರುವುದನ್ನು ಬಿಟ್ಟಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

“ಕಾಲೇಜಿಗೆ ವಾಪಸ್ ಬಾ. ಫೀ ನಾ ಕಟ್ತೇನಿ,” ಎಂದೆ.

“ಫೀ ನೀವು ಕಟ್ತೀರಿ ಮೇಡಮ್ಮಾರ,” ಎಂದಳು. “ನಾ ಇಲ್ಲಿ ನಿಲ್ಲಲಿಲ್ಲಂದ್ರ ಸಂಜಿಗೆ ಮನ್ಯಾಗ ಒಲಿ ಹತ್ತೂದಿಲ್ರಿ.”

ಬಾಯಾರ ಓಣಿ ಇದ್ದಿದ್ದರೆ ಇವಳ ಡಿಗ್ರಿಯೂ ಆಗುತ್ತಿತ್ತು, ನನ್ನದಾದ ಹಾಗೆ. ಅದನ್ನು ಅವಳಿಗೆ ಹೇಳಿ ಏನು ಉಪಯೋಗ? ಗಲ್ಲಾಪೆಟ್ಟಿಗೆಯ ಬಳಿ ಕುಳಿತ ಮಾಲಕ ನಮ್ಮ ಕಡೆ ನೋಡಿದ. ಹುಡುಗಿ ಲಗುಬಗೆಯಿಂದ ಕುಳಿತು, ಇನ್ನೊಂದು ಸೀರೆಯ ಮಡಿಕೆ ಬಿಚ್ಚಿ, ಸೆರಗನ್ನು ನನ್ನ ಮುಂದೆ ಹರವಿದಳು.

“ನೋಡ್ರಿ ಮೇಡಂ. ನೋಡೂದಕ್ಕ ರೊಕ್ಕ ಇಲ್ರಿ.”