ತುಂಬಿ ಬಂದ ಡಬ್ಬಿ

ರಾತ್ರಿ ಊಟದ ನಂತರ ಬರುವುದು ಹಸಿವಲ್ಲ, ಅಭ್ಯಾಸ. ಆಗ ನೀರು ಕುಡಿಯಿರಿ ಎಂದೋ ಏನೋ ಡಾಕ್ಟರು ಹೇಳಿದ್ದರು. ಕುಡಿದೆ. ಆದರೆ ನೀರು ಇರುವುದೂ ಅಡುಗೆಮನೆಯಲ್ಲೇ, ಚಕ್ಕುಲಿ ಡಬ್ಬಿಯ ಪಕ್ಕದಲ್ಲಿ. ಇಳಿಯುತ್ತಿದ್ದ ತೂಕ ಮತ್ತೆ ಏರತೊಡಗಿತು. ಮೊನ್ನೆ ಸಂಜೆ ಡಬ್ಬಿಯನ್ನೇ ಎತ್ತಿ ಎದುರುಮನೆಯ ಸುಮನಕಾಕುಗೆ, ನಮ್ಮ ಹಾಗೇ ಊರು ಬಿಟ್ಟು ಪುಣೆಗೆ ಬಂದ ಹಿರಿಯರಿಗೆ, ಕೊಟ್ಟುಬಂದೆ. ಎರಡು ರಾತ್ರಿ ಬರೀ ನೀರು ಕುಡಿದು ಮಲಗಿದೆ. ಸ್ವಲ್ಪ ಹೆಮ್ಮೆಯೂ ಆಯಿತು.

ಇವತ್ತು ಬೆಳಿಗ್ಗೆ ಕಾಕು ಅದೇ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬೇಸನ್ ಲಾಡು, ತುಪ್ಪದ ಘಮ.

"ಕಾಕು, ನಾ ತೂಕ ಇಳಸ್ಲಿಕ್ಕತ್ತೀನ್ರಿ," ಎಂದೆ.

"ಇಳಸ್ರಿ, ಯಾರು ಬ್ಯಾಡ ಅಂದ್ರು? ಹಂಗಂತ ಮಂದಿ ಡಬ್ಬಿ ಖಾಲಿ ಕೊಡಲಿಕ್ಕೆ ಬರ್ತದೇನು? ಪುಣೆಕ್ಕ ಬಂದ್ರೂ ನಮ್ಮ ಪದ್ಧತಿ ಬಿಟ್ಟಿಲ್ರಿ."

ಹೆಂಡತಿ ಒಳಗಿನಿಂದಲೇ ತೀರ್ಪು ಕೊಟ್ಟಳು: "ಸ್ಟೀಲ್ ಡಬ್ಬಿ ಯಾಕ ಕೊಟ್ರಿ? ಕ್ಯಾರಿಬ್ಯಾಗಿನಾಗ ಹಾಕಿ ಕೊಟ್ಟಿದ್ರ ಅಲ್ಲಿಗೇ ಮುಗೀತಿತ್ತು."

ಸ್ನೇಹಿತರೇ, ಚಕ್ಕುಲಿ ಇದ್ದ ಜಾಗದಲ್ಲಿ ಈಗ ಲಾಡು ಕೂತಿದೆ. ಹೊತ್ತು ಮುಳುಗುತ್ತಿದೆ.

ಡಾಕ್ಟರೇ, ಈ ಅಭ್ಯಾಸ ನನ್ನದಲ್ಲ, ಕಾಕುವಿನದು. ಇದಕ್ಕೆ ನೀರು ಯಾರು ಕುಡಿಯಬೇಕು?